ಇಂಗ್ಲೆಂಡಿನಲ್ಲಿ ಮನೆಗೆ ಕಳ್ಳ ನುಗ್ಗಿದರೆ ಹೊಡೆಯಬಹುದಾ?

ಅಣ್ಣಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ರೆಡಿಂಗ್‌ಗೆ ಬಂದು ಎರಡು ತಿಂಗಳು, ಬಾಡಿಗೆ ಮನೆ, ಪಕ್ಕದ ಬೀದಿಯಲ್ಲಿ ಕಳ್ಳತನ ಆಗಿದೆ, ಕಳ್ಳನಿಗೆ ಹೊಡೆದರೆ ಇಲ್ಲಿ ನಮ್ಮನ್ನೇ ಒಳಗೆ ಹಾಕ್ತಾರೆ ಅಂತ ಆಫೀಸಿನಲ್ಲಿ ಯಾರೋ ಹೆದರಿಸಿದ್ದಾರೆ. ಅದು ನಿಜವಾ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ಪೂರ್ತಿ ನಿಜ ಅಲ್ಲ. ಮನೆಯೊಳಗೆ ನುಗ್ಗಿದವನಿಂದ ನಿಮಗೋ ಹೆಂಡತಿ ಮಕ್ಕಳಿಗೋ ಅಪಾಯ ಅನ್ನಿಸಿದರೆ ಹೊಡೆಯಬಹುದು. ಅವನೇ ಮೊದಲು ಕೈ ಎತ್ತಲಿ ಅಂತ ಕಾಯಬೇಕಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಬಹುದು. ಆ ಕ್ಷಣದಲ್ಲಿ ನಿಮಗೆ ನಿಜವಾಗಿ ಏನನ್ನಿಸಿತ್ತು ಅನ್ನುವುದನ್ನು ಕಾನೂನು ನೋಡುತ್ತದೆ. ಕತ್ತಲಲ್ಲಿ ಅವನ ಕೈಲಿದ್ದ ಟಾರ್ಚನ್ನು ನೀವು ಚಾಕು ಅಂದುಕೊಂಡಿದ್ದರೆ ಚಾಕು ಅಂತಲೇ ಲೆಕ್ಕ. (ಕುಡಿದ ಮತ್ತಿನಲ್ಲಿ ಹಾಗಂದುಕೊಂಡಿದ್ದರೆ ಅದು ನಡೆಯಲ್ಲ.) 2013ರಲ್ಲಿ ಮನೆಯಲ್ಲಿರುವವರಿಗೆ ಇನ್ನೂ ಸ್ವಲ್ಪ ಸಡಿಲ ಕೊಟ್ಟರು. ಹೊಡೆತ ಬೇಕಾದ್ದಕ್ಕಿಂತ ಜಾಸ್ತಿ ಆಗಿದ್ದರೂ ಅಷ್ಟಕ್ಕೇ ತಪ್ಪಿತಸ್ಥರಾಗುವುದಿಲ್ಲ, ಆ ಹೊತ್ತಿನಲ್ಲಿ ಹಾಗೆ ಮಾಡಿದ್ದು ಸರಿಯೋ ಅಲ್ಲವೋ ಅಂತ ಜ್ಯೂರಿ (ಕೋರ್ಟಿನಲ್ಲಿ ತೀರ್ಪು ಹೇಳಲು ಕೂರುವ ಸಾಮಾನ್ಯ ಜನರ ಗುಂಪು) ಯೋಚಿಸುತ್ತದೆ. ತೀರಾ ಮಿತಿ ಮೀರಿದ್ದರೆ ಮಾತ್ರ ಈ ಸಡಿಲ ಸಿಗಲ್ಲ. ಬಾಡಿಗೆ ಮನೆಯಾದರೂ ಇದೇ. ಆದರೆ ಈ ಸಡಿಲ ಮನೆಯ ಒಳಗೆ ಮಾತ್ರ, ಗಾರ್ಡನ್ನಿಗೆ ಇಲ್ಲ. ಅದೂ ಜನರನ್ನು ಕಾಪಾಡಿಕೊಳ್ಳಲು, ಬರೀ ಟಿವಿ, ಒಡವೆ ಉಳಿಸಿಕೊಳ್ಳಲು ಅಲ್ಲ. ಅಲ್ಲೆಲ್ಲ ಅಗತ್ಯ ಇದ್ದಷ್ಟೇ ಬಲ ಅನ್ನುವ ಹಳೇ ಲೆಕ್ಕ. (ಸ್ಕಾಟ್ಲೆಂಡಿನ ಕಾನೂನೇ ಬೇರೆ.)

ಎಡವಟ್ಟಾಗುವುದು ಎಲ್ಲಿ ಅಂತ ನನ್ನದೇ ಕಥೆ ಹೇಳ್ತೀನಿ. ನಾವು ಈ ಮನೆಗೆ ಬಂದ ಎರಡನೇ ಚಳಿಗಾಲ, ರಾತ್ರಿ ಎರಡೂವರೆ ಇರಬೇಕು, ಕೆಳಗೆ ಅಡುಗೆಮನೆಯ ಡ್ರಾಯರ್ ಎಳೆದ ಸದ್ದು. ಮಗನ ಬ್ಯಾಟ್ ತಗೊಂಡು ಮೆಟ್ಟಿಲ ಮೇಲೆ ನಿಂತು ಲೈಟ್ ಹಾಕಿ "ಯಾವನೋ ಅದು!" ಅಂತ ಕಿರುಚಿದೆ. ಕಿರುಚಿದ್ದು ಕನ್ನಡದಲ್ಲಿ, ಅದು ಆಮೇಲೆ ಹೊಳೆಯಿತು. ಅವನು ಹಿಂದಿನ ಬಾಗಿಲಿಂದ ಓಟ ಕಿತ್ತ. ಅಲ್ಲಿಯವರೆಗೆ ಕಾಲು ನಡುಗುತ್ತಿದ್ದ ನನಗೆ ಅವನ ಬೆನ್ನು ಕಂಡ ಕೂಡಲೇ ಎಲ್ಲಿಲ್ಲದ ಧೈರ್ಯ ಬಂತು ನೋಡಿ. ಬರಿಗಾಲಲ್ಲಿ ಅಂಗಳಕ್ಕೆ ಇಳಿದುಬಿಟ್ಟಿದ್ದೆ. ಹೆಂಡತಿ ಹಿಂದಿನಿಂದ ಬನಿಯನ್ ಹಿಡಿದು ಎಳೆದಳು, ಅದು ಹರಿಯಿತು, ನಾನು ನಿಂತೆ. ಬೆಳಿಗ್ಗೆ ಬಂದ ಪೊಲೀಸಿನವರು ಬ್ಯಾಟ್ ನೋಡಿ ಏನೂ ಅನ್ನಲಿಲ್ಲ. ಅಟ್ಟಿಸಿಕೊಂಡು ಹೋಗದೆ ಇದ್ದದ್ದು ಒಳ್ಳೇದಾಯ್ತು ಅಂದರು ಅಷ್ಟೇ.

ಯಾಕೆ ಅಂತ ಆಗ ಅರ್ಥ ಆಗಿರಲಿಲ್ಲ, ಆಮೇಲೆ ಒಂದು ಕೇಸಿನಿಂದ ಗೊತ್ತಾಯಿತು. 2008ರಲ್ಲಿ ಹೈ ವಿಕಂಬ್‌ನಲ್ಲಿ ಒಂದು ಕುಟುಂಬದ ಮನೆಗೆ ಮೂವರು ಚಾಕು ಹಿಡಿದು ನುಗ್ಗಿ ಎಲ್ಲರನ್ನೂ ಕಟ್ಟಿಹಾಕಿದ್ದರು. ಯಜಮಾನ ಹೇಗೋ ಬಿಡಿಸಿಕೊಂಡು, ತಮ್ಮನನ್ನೂ ಸೇರಿಸಿಕೊಂಡು ಒಬ್ಬನನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ, ಬಿದ್ದವನಿಗೆ ಕ್ರಿಕೆಟ್ ಬ್ಯಾಟ್ ಮುರಿಯುವ ಹಾಗೆ ಹೊಡೆದರು. ಯಜಮಾನನಿಗೆ ಮೊದಲು 30 ತಿಂಗಳು ಜೈಲು ಅಂತ ತೀರ್ಪಾಯಿತು, 2010ರ ಅಪೀಲಿನಲ್ಲಿ ಕನಿಕರ ತೋರಿಸಿ ಅವನನ್ನು ಹೊರಗೆ ಬಿಟ್ಟರು. ಆದರೆ ಅಪರಾಧ ಅಪರಾಧವಾಗಿಯೇ ಉಳಿಯಿತು. ಒಳಗೆ, ಚಾಕು ಎದುರಿಗಿದ್ದಾಗ ಅದೇ ಬ್ಯಾಟ್ ಬೀಸಿದ್ದರೆ ಕಥೆಯೇ ಬೇರೆ. ನಾರ್ಫಕ್‌ನ ರೈತ ಟೋನಿ ಮಾರ್ಟಿನ್ ಹೆಸರನ್ನಂತೂ ಇಲ್ಲಿ ಎಲ್ಲರೂ ಎತ್ತುತ್ತಾರೆ. 1999ರಲ್ಲಿ ಕಳ್ಳರಿಗೆ ಗುಂಡು ಹೊಡೆದ, 16 ವರ್ಷದ ಹುಡುಗ ಸತ್ತ, ಗುಂಡು ಬಿದ್ದದ್ದು ಬೆನ್ನಿಗೆ. ಕೊಲೆ ಅಂತಲೇ ಶಿಕ್ಷೆಯಾಗಿತ್ತು, ಮನಸ್ಸಿನ ಸ್ಥಿತಿ ನೋಡಿ ಅಪೀಲಿನಲ್ಲಿ ಕಡಿಮೆ ಮಾಡಿದರು. ಆಫೀಸಿನವರು ಹೆದರಿಸಿದ್ದು ಇಂಥ ಕೇಸು ಕೇಳಿಯೇ ಇರಬೇಕು.

ಬ್ಯಾಟ್ ಮನೆಯಲ್ಲಿ ಇಟ್ಟುಕೊಳ್ಳಿ, ತಪ್ಪಿಲ್ಲ. ಆದರೆ "ಇರಲಿ ಸೇಫ್ಟಿಗೆ" ಅಂತ ಕಾರಿನಲ್ಲೋ ಬ್ಯಾಗಿನಲ್ಲೋ ಹಾಕಿಕೊಂಡು ಓಡಾಡಬೇಡಿ, ಆ ಉದ್ದೇಶವೇ ಅದನ್ನು ಆಯುಧ ಮಾಡುತ್ತದೆ. ಊರಿಂದ ಬರುವಾಗ ಹೆಂಡತಿಗೆ ಅಂತ ಪೆಪ್ಪರ್ ಸ್ಪ್ರೇ ತಂದಿದ್ದರೆ ಇನ್ನೂ ಎಚ್ಚರ. ಇಲ್ಲಿ ಅದು ಬಂದೂಕಿನ ಕಾಯ್ದೆಗೆ ಬರುತ್ತದೆ, ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಪೊಲೀಸರ ಹತ್ತಿರ ಹೋಗಿ ಒಪ್ಪಿಸಿಬಿಡಿ. ಕಿಟಕಿಗೆ ಕರೆಂಟ್ ಕೊಡೋದು, ಗಾಯವಾಗುವ ಹಾಗೆ ಏನಾದರೂ ಬಲೆ ಒಡ್ಡೋದು, ಅದೆಲ್ಲ ಯೋಚನೆಯೂ ಬೇಡ.

ಒಂದು ವೇಳೆ ಹೊಡೆದಿರಿ, ಅವನಿಗೆ ಜೋರು ಪೆಟ್ಟಾಯಿತು ಅಂತಿಟ್ಟುಕೊಳ್ಳಿ. ನಿಮ್ಮದು ನೂರಕ್ಕೆ ನೂರು ಸರಿಯಿದ್ದರೂ ಪೊಲೀಸರು ನಿಮ್ಮನ್ನು ಕರೆದುಕೊಂಡು ಹೋಗಬಹುದು. ಗಾಬರಿಯಾಗಿ ಬಾಯಿಗೆ ಬಂದದ್ದು ಹೇಳಬೇಡಿ. ಸಾಲಿಸಿಟರ್ (ವಕೀಲರು) ಬೇಕು ಅನ್ನಿ, ಸ್ಟೇಷನ್ನಿನಲ್ಲಿ ಅದು ಪುಕ್ಕಟೆ.

ನಿಜ ಹೇಳಬೇಕೆಂದರೆ ನಿಮ್ಮ ಬಾಗಿಲಿನ ಬಗ್ಗೆ ನನಗೆ ಜಾಸ್ತಿ ಚಿಂತೆ. ಇಲ್ಲಿನ ಪ್ಲಾಸ್ಟಿಕ್ ಬಾಗಿಲು ಸುಮ್ನೆ ಎಳೆದುಕೊಂಡರೆ ಲಾಕ್ ಆಗಲ್ಲ. ಹ್ಯಾಂಡಲ್ ಮೇಲಕ್ಕೆತ್ತಿ ಕೀ ತಿರುಗಿಸಬೇಕು. ನಮ್ಮ ಮನೆಗೆ ಅವನು ಬಂದದ್ದು ಹಾಗೇನೇ, ಏನನ್ನೂ ಒಡೆದಿರಲಿಲ್ಲ. ಕಾರಿನ ಕೀ ಬಾಗಿಲ ಹತ್ತಿರ ನೇತುಹಾಕಬೇಡಿ, ಲೆಟರ್‌ಬಾಕ್ಸಿನಿಂದ ಕೋಲು ತೂರಿಸಿ ಎತ್ತುತ್ತಾರೆ. ಮದುವೆ ಒಡವೆಯೆಲ್ಲ ಬೀರುವಿನಲ್ಲಿ ಇಡಬೇಡಿ, ನಮ್ಮವರ ಮನೆಯಲ್ಲಿ ಚಿನ್ನ ಇರುತ್ತೆ ಅಂತ ಕಳ್ಳರಿಗೂ ಗೊತ್ತು. ದೀಪಾವಳಿ ಹೊತ್ತಿಗೆ ಪೊಲೀಸರೇ ಎಚ್ಚರಿಸುತ್ತಾರೆ.

ನೀವು ನೈಟ್ ಶಿಫ್ಟಿಗೆ ಹೋದಾಗ ಮಗುವಿನ ಜೊತೆ ನಿಮ್ಮ ಹೆಂಡತಿ ಒಬ್ಬರೇ ಇರ್ತಾರೆ ಅಂದಿರಲ್ಲ, ಅದಕ್ಕೆ ಇದು. ಕೆಳಗೆ ಸದ್ದಾದರೆ ಇಳಿಯೋದು ಬೇಡ, ಮಗುವನ್ನು ಎತ್ತಿಕೊಂಡು ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿನಿಂದ ಇಲ್ಲಿನ ತುರ್ತು ನಂಬರ್ 999 ಒತ್ತಲಿ. ಮಾತಾಡಲು ಆಗದಿದ್ದರೆ, ಆ ಕಡೆಯಿಂದ ಹೇಳಿದಾಗ 55 ಒತ್ತಿದರೆ ಪೊಲೀಸರಿಗೆ ದಾಟಿಸುತ್ತಾರೆ. ಆದರೆ ಅಷ್ಟರಿಂದಲೇ ನಿಮ್ಮ ಮನೆ ಎಲ್ಲಿದೆ ಅಂತ ಅವರಿಗೆ ಗೊತ್ತಾಗಿಬಿಡಲ್ಲ. ಅದಕ್ಕೇ ಪೋಸ್ಟ್‌ಕೋಡ್ ಬಾಯಿಪಾಠ ಮಾಡಿಸಿ, ಪಿಸುದನಿಯಲ್ಲಾದರೂ ಹೇಳುವ ಹಾಗಿರಲಿ.