ಪ್ರಾಸ್ಟೇಟ್ ಕ್ಯಾನ್ಸರ್ ಲ್ಯಾಬಿನ ಕೆಲಸಕ್ಕೆ ಸೇರಲಾ?

ಪ್ರಶ್ನೆ: ನಾನು ಕಾರ್ಕಳದವಳು. ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಮಣಿಪಾಲದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಸಂಶೋಧನೆ ನಡೆಸುವ ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ. ಗೆಳತಿಯರು ‘ಬಾಟ್ಲಿ ತೊಳೆಯೋ ಕೆಲಸ’ ಅನ್ನುತ್ತಾರೆ. ಅಮ್ಮನಿಗೆ ಕ್ಯಾನ್ಸರ್ ನನಗೂ ಅಂಟೀತು ಅಂತ ಹೆದರಿಕೆ. ಇದು ಗಂಡಸರ ಕಾಯಿಲೆ ಬೇರೆ. ರೋಗಿಗಳ ಹತ್ತಿರ ಹೇಗೆ ಮಾತಾಡುವುದು ಅಂತ ನನಗೇ ಮುಜುಗರ. ಸೇರಲಾ ಮೇಡಂ? (ಹೆಸರು ಬೇಡ)

ಉತ್ತರ: ಸೇರಿ.

ಮೊದಲು ಅಮ್ಮನ ಮಾತು. ಕ್ಯಾನ್ಸರ್ ನೆಗಡಿಯ ಹಾಗೆ ಹರಡುವುದಿಲ್ಲ. ಲ್ಯಾಬಿನಲ್ಲಿ ಬೆಳೆಸುವ ಕೋಶಗಳು ಬೇರೆಯವರ ದೇಹದವು, ನಿಮ್ಮ ಮೈ ಅವನ್ನು ಉಳಿಯಗೊಡುವುದಿಲ್ಲ. ಜಾಗ್ರತೆ ಬೇಕಾಗಿರುವುದು ರೋಗಿಗಳ ರಕ್ತ, ಅಂಗಾಂಶ ಮುಟ್ಟುವಾಗ. ಅದರಲ್ಲಿ ಹೆಪಟೈಟಿಸ್ ಬಿ ವೈರಸ್ ಇರಬಹುದು. ಚಿಕ್ಕಂದಿನಲ್ಲಿ ಲಸಿಕೆ ಆಗಿದೆಯಾ ಅಂತ ಅಮ್ಮನನ್ನೇ ಕೇಳಿ. ಆಗಿಲ್ಲದಿದ್ದರೆ ಮೂರು ಡೋಸ್ ಇರುತ್ತದೆ. ಮೊದಲನೆಯದು ಹಾಕಿಸಿಕೊಂಡ ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಈಗಲೇ ಶುರು ಮಾಡಿ.

ಇನ್ನು ಬಾಟ್ಲಿ. ತೊಳೆಯುತ್ತೀರಿ, ನಾನೂ ತೊಳೆದಿದ್ದೇನೆ. ಆದರೆ ದಿನದ ಜಾಸ್ತಿ ಹೊತ್ತು ಹೋಗುವುದು ಕೋಶಗಳನ್ನು ಸಾಕುವುದರಲ್ಲಿ. ಸಾಕುವುದು ಅಂತ ಬೇಕೆಂದೇ ಹೇಳಿದೆ. ನಿಮಗೆ ಮೊದಲು ಕೈಗೆ ಕೊಡುವುದು ಬಹುಶಃ ಎಲ್‌ಎನ್‌ಕ್ಯಾಪ್, ಪಿಸಿ-3, ಡಿಯು-145, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಈ ಮೂರು ತಳಿಗಳಲ್ಲಿ ಒಂದನ್ನು. ಎಲ್‌ಎನ್‌ಕ್ಯಾಪ್ 1977ರಲ್ಲಿ ಅಮೆರಿಕದ 50 ವರ್ಷದ ಒಬ್ಬರ ಲಿಂಫ್ ಗ್ರಂಥಿಯಿಂದ ತೆಗೆದದ್ದು. ಪಿಸಿ-3 ಮೂಳೆಗೆ ಹರಡಿದ್ದ ಗಡ್ಡೆಯಿಂದ ಬಂದದ್ದು, ಡಿಯು-145 ಮಿದುಳಿಗೆ ಹರಡಿದ್ದರಿಂದ. ಕಾಯಿಲೆ ಬಿದ್ದವರ ಕೋಶಗಳು ಇಷ್ಟು ವರ್ಷವಾದರೂ 37 ಡಿಗ್ರಿ ಬಿಸಿಯಲ್ಲಿ, ಶೇ 5 ಕಾರ್ಬನ್ ಡೈಆಕ್ಸೈಡಿನಲ್ಲಿ ಬೆಳೆಯುತ್ತಲೇ ಇವೆ. ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನಾನು ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ.

ಎಲ್‌ಎನ್‌ಕ್ಯಾಪ್ ಸಿಕ್ಕಿದರೆ ತಾಳ್ಮೆ ಇರಲಿ. ಅದು ನಿಧಾನಕ್ಕೆ ಬೆಳೆಯುತ್ತದೆ. ಫ್ಲಾಸ್ಕಿನ ತಳಕ್ಕೆ ಸರಿಯಾಗಿ ಅಂಟಿಕೊಳ್ಳುವುದೂ ಇಲ್ಲ. ಸ್ವಲ್ಪ ಜೋರಾಗಿ ದ್ರವ ಹಾಕಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಆದರೂ ಎಲ್ಲರಿಗೂ ಅದು ಬೇಕು. ಯಾಕೆಂದರೆ ಪುರುಷ ಹಾರ್ಮೋನಿಗೆ ಅದು ಸ್ಪಂದಿಸುತ್ತದೆ, ಉಳಿದ ಎರಡು ಸ್ಪಂದಿಸುವುದಿಲ್ಲ. ಹಾರ್ಮೋನ್ ಕಡಿಮೆ ಮಾಡಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿನ ಚಿಕಿತ್ಸೆಯ ದೊಡ್ಡ ಭಾಗ ಅಲ್ಲಿಂದಲೇ ಬಂದದ್ದು. ಕೋಶಗಳಿಗೆ ಹಾಕುವ ದ್ರವದ ಕೆಂಪು ಬಣ್ಣ ಇದೆಯಲ್ಲ, ಫೀನಾಲ್ ರೆಡ್, ಅದು ಕೂಡ ಸ್ವಲ್ಪ ಹಾರ್ಮೋನಿನ ಹಾಗೆ ನಡೆದುಕೊಳ್ಳಬಹುದು. ಹಾಗಾಗಿ ಹಾರ್ಮೋನಿನ ಪ್ರಯೋಗ ಇದ್ದ ದಿನ ಬಣ್ಣವಿಲ್ಲದ ದ್ರವವನ್ನೇ ಹಾಕಬೇಕು. ಇಂಥದ್ದು ತಪ್ಪಿದರೆ ಮೂರು ವಾರದ ಲೆಕ್ಕ ಸುಳ್ಳಾಗುತ್ತದೆ. ಬಾಟ್ಲಿ ತೊಳೆದವರಿಗೇ ಯಾವ ಬಾಟ್ಲಿಯಲ್ಲಿ ಏನಿತ್ತು ಅಂತ ಗೊತ್ತಿರುವುದು, ಅಲ್ವಾ?

ಕೋಶಗಳಿಗೆ ಭಾನುವಾರ ಇಲ್ಲ. ಎರಡು ಮೂರು ದಿನಕ್ಕೊಮ್ಮೆ ದ್ರವ ಬದಲಿಸಲೇಬೇಕು. ಊರಿನ ಕೋಲ, ನೆಂಟರ ಮದುವೆ ಇದ್ದರೆ ಜೊತೆಯವರಿಗೆ ಮುಂಚೆಯೇ ಹೇಳಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ, ಬೂಸ್ಟು. ಇನ್‌ಕ್ಯುಬೇಟರಿನ ಒಳಗೆ ಮೊದಲೇ ನೀರಿನ ತಟ್ಟೆ, ಹೊರಗೆ ಜುಲೈ ತಿಂಗಳ ತೇವ. ಒಂದು ಫ್ಲಾಸ್ಕಿನಲ್ಲಿ ಹತ್ತಿಯ ಎಳೆಯಂಥದ್ದು ಕಂಡಿತೋ, ಮುಚ್ಚಳ ತೆಗೆಯಬೇಡಿ. ಹಾಗೇ ಆಟೋಕ್ಲೇವಿಗೆ, ಅಂದರೆ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ, ಕಳಿಸಿ, ಎಲ್ಲರಿಗೂ ಹೇಳಿ.

ಮುಜುಗರದ ವಿಷಯಕ್ಕೆ ಬರೋಣ. ನಿಮ್ಮ ವಯಸ್ಸಿನಲ್ಲಿ ನನಗೂ ಇತ್ತು. ಮಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇದ್ದರು. ಮರುದಿನ ಆಪರೇಷನ್. ತೆಗೆದ ಗ್ರಂಥಿಯಲ್ಲಿ ಪೆಥಾಲಜಿ ಪರೀಕ್ಷೆಗೆ ಬೇಕಾದಷ್ಟು ಇಟ್ಟು, ಮಿಕ್ಕಿದ ಚೂರನ್ನು ಸಂಶೋಧನೆಗೆ ಕೊಡಬಹುದಾ ಅಂತ ನಾನು ಕೇಳಬೇಕಿತ್ತು. ‘ಪ್ರಾಸ್ಟೇಟ್’ ಅಂದೆ, ಅವರಿಗೆ ತಿಳಿಯಲಿಲ್ಲ. ಉಚ್ಚೆ ಕಟ್ಟುತ್ತಿತ್ತಲ್ಲ ಅಜ್ಜ, ಅಲ್ಲೊಂದು ಗ್ರಂಥಿ ಇದೆ ಅಂದೆ. ತಲೆ ಆಡಿಸಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಅದನ್ನೇ ತುಳುವಿನಲ್ಲಿ ಇನ್ನೊಮ್ಮೆ ಹೇಳಿದರು. ಕೊನೆಗೆ ಅಜ್ಜ ಕೇಳಿದ್ದು ಒಂದೇ: “ಕೊಡದಿದ್ರೆ ನನ್ನ ಆಪರೇಷನ್ ತಡ ಆಗ್ತದಾ ಮಗಾ?” ಇಲ್ಲ ಅಜ್ಜ, ಏನೂ ಬದಲಾಗೋದಿಲ್ಲ ಅಂದೆ. ಆಮೇಲೆ ಸಹಿ ಹಾಕಿದರು. ಒಪ್ಪಿಗೆ ಪತ್ರ, ಎಥಿಕ್ಸ್ ಕಮಿಟಿ ಎಲ್ಲ ಇರುವುದು ಈ ಒಂದು ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದಕ್ಕೇ. ಅವರ ಕಣ್ಣಿಗೆ ನಾನು ಮೊಮ್ಮಗಳ ಹಾಗಿದ್ದೆ. ಮುಜುಗರ ಅಲ್ಲಿಗೇ ಮುಗಿಯಿತು.

ಅವರ ಅಂಗಾಂಶ ಉಳಿಯಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಚೂರನ್ನು ಬೇಗ ಬೇಗ ತಂದು, ಆರ್‌ಎನ್‌ಎ (ಜೀನುಗಳ ಸಂದೇಶ ಹೊತ್ತ ಅಣು) ಹಾಳಾಗದ ಹಾಗೆ ದ್ರವ ಸಾರಜನಕಕ್ಕೆ ಇಳಿಸಿದೆ. ಆಮೇಲೆ ಮೈನಸ್ 80ರ ಫ್ರೀಜರಿಗೆ ಇಟ್ಟೆ. ಟ್ಯೂಬಿನ ಮೇಲೆ ಬರೆದದ್ದು ಮಾತ್ರ ಸಾದಾ ಮಾರ್ಕರಿನಲ್ಲಿ. ತಿಂಗಳ ನಂತರ ತೆಗೆದು, ರೂಢಿಯಂತೆ ಶೇ 70 ಆಲ್ಕೋಹಾಲಿನಲ್ಲಿ ಒರೆಸಿದೆ. ಬಟ್ಟೆಯ ಮೇಲೆ ನೀಲಿ ಕಲೆ, ಟ್ಯೂಬಿನ ಮೇಲೆ ಏನೂ ಇಲ್ಲ. ಪಕ್ಕದ ಟ್ಯೂಬೂ ಹಾಗೇ ಆಗಿತ್ತು. ಎರಡರಲ್ಲಿ ಯಾವುದು ಅಜ್ಜನದು? ಊಹೆ ಮಾಡಿ ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲ್ಯಾಬ್ ಪುಸ್ತಕದಲ್ಲಿ ಆದದ್ದನ್ನು ಬರೆದು ಎರಡನ್ನೂ ಬಿಟ್ಟೆವು. ಮತ್ತೊಮ್ಮೆ ಕೊಡಿ ಅಂತ ಕೇಳುವ ಹಾಗಿಲ್ಲ. ಆ ಗ್ರಂಥಿ ತೆಗೆಯುವುದು ಒಂದೇ ಸಲ.

ಸಂಬಳ ಪ್ರಾಜೆಕ್ಟಿನ ಮೇಲೆ ಹೋಗುತ್ತದೆ, ಪ್ರಾಜೆಕ್ಟಿಗೆ ಕೊನೆಯ ದಿನವೂ ಇರುತ್ತದೆ. ಎರಡನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಪಿಎಚ್‌.ಡಿ. ಆಸೆ ಇದ್ದರೆ ಜೊತೆಜೊತೆಗೆ ನೆಟ್ ಪರೀಕ್ಷೆಗೆ ಓದಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ.

ಮೊದಲ ದಿನ ಹೋದ ಕೂಡಲೇ ಆಲ್ಕೋಹಾಲ್ ತಾಗಿದರೂ ಅಳಿಸದ ಪೆನ್ನು ಎಲ್ಲಿದೆ ಅಂತ ಕೇಳಿ. ಗಾಜಿನ ಸ್ಲೈಡಿಗಾದರೆ ಪೆನ್ಸಿಲ್ಲೇ ಸಾಕು. ಎರಡನ್ನೂ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಿ.