ಹನೋಯ್ ಹಳೆಪೇಟೆಗೆ ಒಂದೇ ದಿನ

ಪ್ರಶ್ನೆ: ವಿಯೆಟ್ನಾಂ ಪ್ರವಾಸದಲ್ಲಿ ನಮಗೆ ಹನೋಯ್‌ನಲ್ಲಿ ಸಿಗುವುದು ಒಂದು ದಿನ ಮಾತ್ರ. ಹಳೆಪೇಟೆಯನ್ನು ನಡೆದೇ ನೋಡುವ ಆಸೆ. ನಮ್ಮ ಯಜಮಾನರು ಏನನ್ನಾದರೂ ತಿನ್ನುತ್ತಾರೆ, ನಾನು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾನು ದಿನವಿಡೀ ಬಾಳೆಹಣ್ಣು ತಿಂದುಕೊಂಡೇ ತಿರುಗಬೇಕೇ?

ಉತ್ತರ: ಖಂಡಿತ ಬೇಡ. ಆದರೆ ಹತ್ತು ಗಂಟೆಗೆ ಹೊರಡುವವರಾದರೆ ಅರ್ಧ ಊರು ತಪ್ಪಿಹೋಯಿತೆಂದೇ ಲೆಕ್ಕ. ಅಲ್ಲಿ ಒಂದೊಂದು ತಿನಿಸಿಗೂ ಅದರದೇ ಹೊತ್ತಿದೆ. ನೋಡುವ ಜಾಗಗಳ ಪಟ್ಟಿಗಿಂತ ಆ ಹೊತ್ತನ್ನು ಹಿಡಿದು ನಡೆಯುವುದು ಮೇಲು.

ಬೆಳಗ್ಗೆ ಆರಕ್ಕೆ ಹೋನ್ ಕಿಯೆಮ್ ಕೆರೆಯ ದಂಡೆಯಲ್ಲಿರಿ, ಊರಿನ ಹಿರಿಯರೆಲ್ಲ ಅಲ್ಲಿ ವ್ಯಾಯಾಮಕ್ಕೆ ಸೇರಿರುತ್ತಾರೆ. ಆಮೇಲೆ ಉಪಾಹಾರ. ಯಜಮಾನರು ಫೋ ಎಂಬ ಮಾಂಸದ ಸಾರಿನ ನೂಡಲ್ಸ್ ಮುಂದೆ ಕೂರಲಿ. ನೀವು ಬುಟ್ಟಿಯಲ್ಲಿ ಅಂಟಕ್ಕಿಯ ಅನ್ನ ಮಾರುವ ಹೆಂಗಸರನ್ನು ಹುಡುಕಿ ‘ಸೋಯ್ ಲಾಕ್’ ಕೇಳಿ: ಶೇಂಗಾ ಬೆರೆಸಿ ಹಬೆಯಲ್ಲಿ ಬೇಯಿಸಿದ್ದು, ಮೇಲೆ ಉಪ್ಪು ಬೆರೆಸಿದ ಎಳ್ಳುಪುಡಿ. ಪಕ್ಕದಲ್ಲೇ ಹಳದಿ ಬಣ್ಣದ ‘ಸೋಯ್ ಸೆಯೊ’ ಬಾಯಲ್ಲಿ ನೀರೂರಿಸುತ್ತದೆ. ಅದು ಬೇಡ, ಅದರ ಮೇಲೆ ಪ್ರಾಣಿಯ ಕೊಬ್ಬನ್ನು ಸುರಿಯುವ ರೂಢಿಯಿದೆ.

ಹಳೆಪೇಟೆಯ ಬೀದಿಗಳು ಕಸುಬಿನ ಲೆಕ್ಕದಲ್ಲಿ ಬೆಳೆದವು. ಎಷ್ಟೋ ಬೀದಿಗಳಲ್ಲಿ ಈಗ ಪ್ರವಾಸಿಗರಿಗೆ ಮಾರುವ ಟೀ ಶರ್ಟ್‌ಗಳೇ ತುಂಬಿವೆ, ಅವುಗಳಿಗಾಗಿ ಕಾಲು ಸವೆಸಬೇಡಿ. ಹಾಂಗ್ ಥಿಯೆಕ್‌ಗೆ ಹೋಗಿ: ಅಂಗಡಿಯೆದುರು ಕೂತು ತಗಡು ಬಡಿಯುವವರ ಸದ್ದು ಬೀದಿ ಕಾಣುವ ಮೊದಲೇ ಕೇಳಿಸುತ್ತದೆ. ಲಾನ್ ಓಂಗ್ ಬೀದಿಯ ಗುರುತು ಒಣಗಿದ ಬೇರು ತೊಗಟೆಗಳ ವಾಸನೆ, ಅದು ನಾಟಿ ಔಷಧದ ಬೀದಿ. ಹಾಂಗ್ ಮಾದಲ್ಲಿ ಸತ್ತ ಹಿರಿಯರಿಗಾಗಿ ಸುಡುವ ಕಾಗದದ ನೋಟು, ಬಟ್ಟೆ, ಮನೆಗಳನ್ನು ಮಾರುತ್ತಾರೆ. ನನಗೆ ಇಡೀ ಪೇಟೆಯಲ್ಲಿ ಬಹಳ ಹಿಡಿಸಿದ್ದು ಇದೇ. ಮಾ ಮೇ ಬೀದಿಯ 87ನೇ ಸಂಖ್ಯೆಯ ಮನೆಗೆ ಟಿಕೆಟ್ ಇದೆ, ಕೊಟ್ಟು ಒಳಗೆ ಹೋಗಿ. ಬೀದಿಯ ಕಡೆಗೆ ಕಿರಿದಾದ ಅಂಗಡಿ, ಹಿಂದೆ ಉದ್ದಕ್ಕೂ ವಾಸ, ನಡುನಡುವೆ ಗಾಳಿ ಬೆಳಕಿಗೆ ತೆರೆದ ಅಂಗಳ.

ಮಧ್ಯಾಹ್ನ ಕೆಂಡದ ಹೊಗೆ ಎದ್ದಲ್ಲಿ ಬುನ್ ಚಾ ಸಿಗುತ್ತದೆ. ಅದು ಹಂದಿಮಾಂಸದ್ದು, ಯಜಮಾನರ ಪಾಲಿಗೆ. ಹುರಿದ ತೋಫು ಕಂಡು ನೀವು ಹಿಗ್ಗಬೇಡಿ, ಜೊತೆಗೆ ಬರುವುದು ಸಿಗಡಿಯ ಗೊಜ್ಜು. ಬರೀ ತರಕಾರಿ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಇರಬಹುದು. ಆದ್ದರಿಂದ ‘ಚಾಯ್’ ಎಂದು ಬೋರ್ಡು ಹಾಕಿದ ಹೋಟೆಲನ್ನೇ ಹುಡುಕಿ, ಅವು ಬೌದ್ಧ ಪದ್ಧತಿಯ ಸಸ್ಯಾಹಾರದವು. ಚಾಂದ್ರಮಾಸದ ಮೊದಲ ದಿನ ಅಥವಾ ಹುಣ್ಣಿಮೆಯಂದು ಹೋದರೆ ನಿಮ್ಮ ಅದೃಷ್ಟ: ಅಂದು ಅನೇಕ ಸ್ಥಳೀಯರೇ ಮಾಂಸ ಬಿಡುತ್ತಾರೆ.

ಮೊಟ್ಟೆಕಾಫಿ ಹನೋಯ್‌ನ ಹೆಮ್ಮೆ. 1946ರಲ್ಲಿ ಹಾಲಿಗೆ ಬರ ಬಂದಾಗ ಹುಟ್ಟಿದ್ದು. ಅದೂ ಯಜಮಾನರಿಗೇ; ನೀವು ತೆಂಗಿನಹಾಲಿನ ಕಾಫಿ ತರಿಸಿಕೊಳ್ಳಿ, ನನ್ನ ಮಟ್ಟಿಗೆ ಅದೇ ಹೆಚ್ಚು ರುಚಿ.

ರಸ್ತೆ ದಾಟುವಾಗ ಒಂದೇ ವೇಗದಲ್ಲಿ ನಿಧಾನ ನಡೆಯಿರಿ, ಸ್ಕೂಟರಿನವರು ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ಹೆದರಿ ಹಿಂದೆ ಸರಿದರೇ ಅಪಾಯ. ಹಣ ಕೊಡುವಾಗಲೂ ಅವಸರ ಬೇಡ: 20,000 ಡಾಂಗ್ ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ.