ಎಂಟರಲ್ಲಿ ಮೂರೇ ಗೆಲುವು: ಪ್ಲೇಆಫ್ ಆಸೆ ಬಿಡಬೇಕೇ?

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ನಿಮ್ಮ ತಂಡ ಎಂಟು ಪಂದ್ಯಗಳಲ್ಲಿ ಮೂರೇ ಗೆದ್ದಿದೆ, ಡಿವಿಷನ್‌ನಲ್ಲಿ (ನಾಲ್ಕು ತಂಡಗಳ ಗುಂಪಿನಲ್ಲಿ) ಮುಂದಿರುವ ತಂಡ ಐದು ಗೆದ್ದಿದೆ, ಇನ್ನು ನೋಡಿ ಪ್ರಯೋಜನವೇನು ಎಂದು ಕೇಳಿದ್ದೀರಿ. 2024ರ ಐಪಿಎಲ್‌ನಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಉಳಿದ ಆರನ್ನೂ ಗೆದ್ದು ಪ್ಲೇಆಫ್ ಸೇರಿದ ಆರ್‌ಸಿಬಿಯನ್ನು ಕಂಡ ನಾವು ಹೀಗೆ ಕೈಚೆಲ್ಲಬಹುದೇ?

ಆದರೆ ಇಲ್ಲಿನ ಲೆಕ್ಕ ಬೇರೆ. ಒಟ್ಟು ಪಟ್ಟಿಯಲ್ಲಿ ಎಷ್ಟನೆಯ ಸ್ಥಾನ ಎಂದು ಹುಡುಕುತ್ತಾ ಕೂರಬೇಡಿ. ಪ್ರತಿ ಕಾನ್ಫರೆನ್ಸ್‌ನಿಂದ (ಲೀಗ್‌ನ ಎರಡು ಅರ್ಧಭಾಗಗಳಲ್ಲಿ ಪ್ರತಿಯೊಂದರಿಂದ) ಏಳು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಅವುಗಳಲ್ಲಿ ನಾಲ್ಕು ಸ್ಥಾನ ಡಿವಿಷನ್ ಗೆದ್ದವರದು, ಅವರು ಎಷ್ಟು ಕಡಿಮೆ ಗೆದ್ದಿದ್ದರೂ ಸರಿ. ಉಳಿದ ಮೂರು ವೈಲ್ಡ್ ಕಾರ್ಡ್, ಅಂದರೆ ಡಿವಿಷನ್ ಗೆಲ್ಲದವರಲ್ಲಿ ಮುಂದಿರುವವರಿಗೆ. ಹಾಗಾಗಿ ನಿಮ್ಮ ತಂಡ ಸದ್ಯಕ್ಕೆ ಹಿಂದಿಕ್ಕಬೇಕಾಗಿರುವುದು ಡಿವಿಷನ್‌ನ ಮೂವರನ್ನು ಮಾತ್ರ.

2022ರ ಋತುವೊಂದನ್ನೇ ನೋಡಿ. ಎಎಫ್‌ಸಿ ಸೌತ್ ಎಂಬ ಡಿವಿಷನ್‌ನಲ್ಲಿ ಹತ್ತು ಪಂದ್ಯಗಳ ನಂತರ ಟೆನೆಸ್ಸೀ ಟೈಟನ್ಸ್ ಏಳು ಗೆದ್ದಿತ್ತು, ಜಾಕ್ಸನ್‌ವಿಲ್ ಜಾಗ್ವಾರ್ಸ್ ಮೂರೇ ಗೆದ್ದಿತ್ತು. ಟೈಟನ್ಸ್ ಉಳಿದ ಏಳನ್ನೂ ಸೋತಿತು. ಚೆಂಡೆಸೆದು ದಾಳಿ ನಡೆಸುವ ಅದರ ಕ್ವಾರ್ಟರ್‌ಬ್ಯಾಕ್ ಟ್ಯಾನೆಹಿಲ್ ಗಾಯಗೊಂಡಿದ್ದರು. ಡಿವಿಷನ್ ನಿರ್ಧರಿಸುವ ಕೊನೆಯ ಪಂದ್ಯವನ್ನು ತಂಡಕ್ಕೆ ಬಂದು ತಿಂಗಳೂ ಆಗದ ಜೋಶುವಾ ಡಾಬ್ಸ್ ಆಡಬೇಕಾಯಿತು. ಜಾಗ್ವಾರ್ಸ್ 20-16ರಿಂದ ಗೆದ್ದು, ಒಂಬತ್ತು ಗೆಲುವಿನೊಂದಿಗೆ ಒಳಗೆ ಬಂತು. ಆಮೇಲೆ ಚಾರ್ಜರ್ಸ್ ವಿರುದ್ಧ 0-27 ಹಿಂದಿದ್ದು 31-30ರಿಂದ ಗೆದ್ದಿತು. (ಆ ರಾತ್ರಿ 27 ಆದಾಗಲೇ ಟಿವಿ ಆರಿಸಿ ಮಲಗಿದವನು ನಾನು. ನನ್ನ ಭವಿಷ್ಯವಾಣಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ತೀರ್ಮಾನಿಸಿ.)

ಅದೇ ವರ್ಷ ಡೆಟ್ರಾಯಿಟ್ ಲಯನ್ಸ್ ಮೊದಲ ಏಳರಲ್ಲಿ ಒಂದೇ ಗೆದ್ದು, ಮುಂದಿನ ಹತ್ತರಲ್ಲಿ ಎಂಟು ಗೆದ್ದಿತು. ಆದರೂ ಹೊರಗೇ ಉಳಿಯಿತು! ಕೊನೆಯ ವೈಲ್ಡ್ ಕಾರ್ಡ್‌ಗೆ ಪೈಪೋಟಿಯಲ್ಲಿದ್ದ ಸಿಯಾಟಲ್ ಸೀಹಾಕ್ಸ್‌ಗೂ ಒಂಬತ್ತೇ ಗೆಲುವು. ಇಲ್ಲಿ ಸಮಬಲವಾದರೆ ನೆಟ್ ರನ್ ರೇಟ್‌ನಂಥದ್ದನ್ನು ಮೊದಲು ನೋಡುವುದಿಲ್ಲ. ಎರಡೇ ತಂಡಗಳಿದ್ದು ಅವು ಪರಸ್ಪರ ಆಡಿದ್ದರೆ, ಆ ಪಂದ್ಯ ಗೆದ್ದವರಿಗೇ ಜಾಗ. ಅಕ್ಟೋಬರ್‌ನಲ್ಲಿ ಲಯನ್ಸ್ ತವರಿನಲ್ಲೇ ಸೀಹಾಕ್ಸ್‌ಗೆ 45-48ರಿಂದ ಸೋತಿತ್ತು. ಮೂರು ಅಂಕಗಳ ಆ ಸೋಲು ಜನವರಿಯಲ್ಲಿ ಬಾಗಿಲು ಮುಚ್ಚಿತು.

ಗೆಲುವಿನ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದೇ ಋತುವಿನಲ್ಲಿ ಮಿನೆಸೋಟ ವೈಕಿಂಗ್ಸ್ 13 ಪಂದ್ಯ ಗೆದ್ದಿತ್ತು, ಆದರೆ ಗಳಿಸಿದ ಅಂಕಗಳಿಗಿಂತ ಬಿಟ್ಟುಕೊಟ್ಟದ್ದೇ ಮೂರು ಹೆಚ್ಚು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ತವರಿನಲ್ಲಿ ಸೋತಿತು. ನಿಮ್ಮ ತಂಡದ ಐದು ಸೋಲುಗಳು ಎಷ್ಟೆಷ್ಟು ಅಂತರದವು? ಮೂರು-ನಾಲ್ಕು ಅಂಕಗಳವಾದರೆ ನಾನು ಇನ್ನೂ ನಂಬುತ್ತೇನೆ. ಇಪ್ಪತ್ತರ ಮೇಲಿನವಾದರೆ ನೀವು ಆಸೆ ಬಿಡುವುದೇ ಸರಿಯಿರಬಹುದು.

ಇನ್ನೊಂದು, ಉಳಿದ ಒಂಬತ್ತು ಪಂದ್ಯಗಳ ವೇಳಾಪಟ್ಟಿಯನ್ನು ಈಗಲೇ ತೆರೆದು ನೋಡಿ. ಒಂದೇ ಡಿವಿಷನ್‌ನ ತಂಡಗಳು ಎರಡೆರಡು ಬಾರಿ ಎದುರಾಗುತ್ತವೆ. ಮುಂದಿರುವ ತಂಡದೊಂದಿಗೆ ಆ ಎರಡೂ ಇನ್ನೂ ಬಾಕಿ ಇದ್ದರೆ, ಅವೆರಡನ್ನು ಗೆದ್ದರೆ ಸಾಕು, ಈಗಿನ ಅಂತರ ಅಳಿಸಿಹೋಗುತ್ತದೆ. ಕೊನೆಗೆ ಇಬ್ಬರೇ ಸಮವಾದರೆ ಡಿವಿಷನ್ ಕೂಡ ನಿಮ್ಮದೇ. ಎರಡನ್ನೂ ಈಗಾಗಲೇ ಸೋತಿದ್ದರೆ ಮಾತ್ರ ಭಾನುವಾರಗಳಿಗೆ ಬೇರೆ ಕೆಲಸ ಹುಡುಕಿಕೊಳ್ಳಿ.